ನಿಮಗಿದು ಗೊತ್ತೇ? ಹೇಳದೆಯೇ ಹೇಳುವ ಪದದ ಹುಟ್ಟು!

ಇಂಗ್ಲಿಷಿನಲ್ಲಿ ಇನ್ಯುಯೆಂಡೋ ಎಂಬ ಪದವಿದೆ. ಏನನ್ನೂ ನೇರವಾಗಿ ಹೇಳದೆ, ಬರೀ ಸುಳಿವು ಕೊಟ್ಟು, ಉಳಿದದ್ದನ್ನು ಕೇಳುವವರ ಊಹೆಗೆ ಬಿಟ್ಟುಬಿಡುವ ಮಾತು ಅದು. ಹೆಚ್ಚಾಗಿ ಆ ಸುಳಿವಿನಲ್ಲಿ ಒಂದು ಚುಚ್ಚು ಇರುತ್ತದೆ, ಇಲ್ಲವೇ ಸ್ವಲ್ಪ ಪೋಲಿತನ ಇರುತ್ತದೆ. ನಾವು ಕೊಂಕು ಅನ್ನುತ್ತೇವಲ್ಲ, ಅದಕ್ಕೆ ಹತ್ತಿರದ ನೆಂಟ. ಈ ಪದ ಹುಟ್ಟಿದ್ದು ಎಲ್ಲಿಂದ ಗೊತ್ತೇ? ಬಾಯಿಂದ ಅಲ್ಲ, ಕತ್ತಿನಿಂದ!

ಲ್ಯಾಟಿನ್ ಭಾಷೆಯಲ್ಲಿ ‘ನುಎರೆ’ ಅಂದರೆ ತಲೆಯಾಡಿಸುವುದು. ‘ಇನ್ನುಎರೆ’ ಅಂದರೆ ಯಾರ ಕಡೆಗೋ ತಲೆಯಾಡಿಸಿ ಸನ್ನೆ ಮಾಡುವುದು. ‘ಇನ್ನುಎಂಡೋ’ ಅಂದರೆ ‘ಹಾಗೆ ತಲೆಯಾಡಿಸುವ ಮೂಲಕ’. ಹೆಸರು ಹೇಳಬೇಡ, ಬೆರಳೂ ತೋರಿಸಬೇಡ, ಅವನೇ ನೋಡು ಎಂದು ಗದ್ದದಲ್ಲೇ ತೋರಿಸಿಬಿಡು! ಇಡೀ ಪದದೊಳಗೆ ಇರುವುದು ಅಷ್ಟೇ.

ಈ ತಲೆಯಾಡಿಸುವ ಕುಟುಂಬ ಬಹಳ ದೊಡ್ಡದು. ಅಮೆರಿಕದಿಂದ ಬಂದ ನೆಂಟರು ಎಂದಾದರೂ ಒಂದು ಡಾಲರ್ ನೋಟು ಕೊಟ್ಟಿದ್ದರೆ ಹುಡುಕಿ ತೆಗೆಯಿರಿ. ಹಿಂಬದಿಯಲ್ಲಿ ಪಿರಮಿಡ್ ಇದೆ, ಅದರ ತುದಿಯಲ್ಲಿ ಒಂದು ಕಣ್ಣಿದೆ. ಕಣ್ಣಿನ ಮೇಲೆ ‘ಆನ್ನುಇಟ್ ಕೊಎಪ್ಟಿಸ್’ ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ನಾವು ಕೈಹಾಕಿದ ಕೆಲಸಕ್ಕೆ ದೇವರು ಒಲಿದಿದ್ದಾನೆ ಎಂದು ಅದರ ಅರ್ಥ. ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿದರೆ? ಆತ ತಲೆಯಾಡಿಸಿದ್ದಾನೆ!

ಅದೇ ಎರಡು ಪದಗಳ ಲ್ಯಾಟಿನ್ ಅಕ್ಷರಗಳನ್ನು ಎಣಿಸಿ ನೋಡಿ. ಸರಿಯಾಗಿ 13! ಅಮೆರಿಕ ಹುಟ್ಟಿದಾಗ ಅದರಲ್ಲಿದ್ದ ರಾಜ್ಯಗಳೂ 13. ದೇಶದ ಮುದ್ರೆಗೆ 1782ರಲ್ಲೇ ಏರಿದ ಈ ಮಾತು ಒಂದು ಡಾಲರ್ ನೋಟಿಗೆ ಬಂದದ್ದು ಮಾತ್ರ 1935ರಲ್ಲಿ.

ರೋಮನ್ನರಿಗೆ ದೇವರ ಶಕ್ತಿಗೂ ಇದೇ ಕುಟುಂಬದ ಪದ. ‘ನೂಮೆನ್’ ಅಂದರೆ ದೈವಶಕ್ತಿ, ದೈವಸಂಕಲ್ಪ. ಅದರ ಬೇರು? ತಲೆಯಾಡಿಸುವುದೇ! ದೇವರು ಮಾತಾಡಬೇಕಿಲ್ಲ, ಒಮ್ಮೆ ‘ಹೂಂ’ ಎಂದು ತಲೆ ಬಾಗಿಸಿದರೆ ಸಾಕು, ಲೋಕ ನಡೆಯುತ್ತದೆ.

ಗ್ರೀಕರ ಜ್ಯೂಸ್ ದೇವರಂತೂ ತಲೆಯಾಡಿಸಿದ್ದಕ್ಕೆ ಬೆಟ್ಟವೇ ನಡುಗಿತಂತೆ! ಇಲಿಯಡ್ ಕಾವ್ಯದ ಮೊದಲ ಭಾಗದಲ್ಲೇ ಈ ಪ್ರಸಂಗ ಬರುತ್ತದೆ. ಅಕಿಲೀಸ್‌ನ ತಾಯಿ ಥೆಟಿಸ್ ಮಗನಿಗಾಗಿ ವರ ಕೇಳುತ್ತಾಳೆ. ಜ್ಯೂಸ್ ಆಗಲಿ ಎಂದು ತಲೆ ಬಾಗಿಸುತ್ತಾನೆ. ಒಲಿಂಪಸ್ ಪರ್ವತ ಅಲುಗಾಡುತ್ತದೆ. ಶಿಲ್ಪಿ ಫಿಡಿಯಸ್ ಒಲಿಂಪಿಯಾದಲ್ಲಿ ಮಹಾ ಜ್ಯೂಸ್ ವಿಗ್ರಹ ಮಾಡಿದ್ದು ಇದೇ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಎಂದು ಹಳೆಯ ಗ್ರೀಕರು ಹೇಳುತ್ತಿದ್ದರು.

ತಲೆಯಾಡಿಸಿದರೆ ಒಪ್ಪಿಗೆ ಎಂದು ಎಲ್ಲ ಕಡೆ ನಂಬಿಬಿಡಬೇಡಿ! ಗ್ರೀಸ್‌ನಲ್ಲಿ, ಟರ್ಕಿಯಲ್ಲಿ ತಲೆಯನ್ನು ಮೇಲಕ್ಕೆ ಚಿಮ್ಮಿಸಿ ಹುಬ್ಬೇರಿಸಿದರೆ ‘ಇಲ್ಲ’ ಎಂದು ಅರ್ಥ. ಇಟಲಿಯ ನೇಪಲ್ಸ್ ಸುತ್ತಮುತ್ತ ಮತ್ತು ಅದರ ದಕ್ಷಿಣಕ್ಕೂ ಹಾಗೆಯೇ. ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಕರು ಬಂದು ನೆಲೆಸಿದ್ದ ಸೀಮೆ ಅದು. ಅವರ ಆಳ್ವಿಕೆ ಅಳಿದರೂ ಅವರ ‘ಇಲ್ಲ’ ಮಾತ್ರ ಅಲ್ಲಿನವರ ಕತ್ತಿನಲ್ಲಿ ಉಳಿದಿದೆ!

ಭೂಮಿ ಕೂಡ ತಲೆಯಾಡಿಸುತ್ತದೆ, ಗೊತ್ತೇ? ತಮಾಷೆಯಲ್ಲ. ಭೂಮಿಯ ಅಕ್ಷ ಸುಮಾರು 18.6 ವರ್ಷಕ್ಕೊಮ್ಮೆ ಸಣ್ಣಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಚಂದ್ರನ ಎಳೆತ ಅದಕ್ಕೆ ಕಾರಣ. ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ಸುಮಾರು ಇಪ್ಪತ್ತು ವರ್ಷ ನಕ್ಷತ್ರಗಳನ್ನು ನೋಡಿ ನೋಡಿ 1748ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದ. ಈ ತೂಗಾಟಕ್ಕೆ ಹೆಸರು ನ್ಯುಟೇಷನ್. ಅದೂ ಲ್ಯಾಟಿನ್ನಿನ ತಲೆಯಾಡಿಸುವ ಪದದಿಂದಲೇ ಬಂದದ್ದು!

ಗಿಡಗಳೂ ಹಿಂದೆ ಬಿದ್ದಿಲ್ಲ. ಬೆಳೆಯುವ ಕುಡಿ ನೇರವಾಗಿ ಮೇಲೇರುವುದಿಲ್ಲ, ಸಣ್ಣಗೆ ಸುತ್ತು ಹಾಕುತ್ತಾ ಏರುತ್ತದೆ. ಬೀನ್ಸ್ ಬಳ್ಳಿಯಲ್ಲಿ ಕಣ್ಣಾರೆ ನೋಡಬಹುದು. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲಿ ಇದರ ಮೇಲೆ ಒಂದು ದಪ್ಪ ಪುಸ್ತಕವನ್ನೇ ತಂದ. ಆ ಚಲನೆಗೆ ಆತ ಇಟ್ಟ ಹೆಸರು ಸರ್ಕಮ್‌ನ್ಯುಟೇಷನ್. ಅಂದರೆ ಸುತ್ತಲೂ ತಲೆಯಾಡಿಸುವುದು!

ಈಗ ಇನ್ಯುಯೆಂಡೋ ಕಡೆಗೆ ಬನ್ನಿ. ಪೋಲಿ ಮಾತಿಗೂ ಕೊಂಕು ಮಾತಿಗೂ ಸಲ್ಲುವ ಈ ಪದ ಇಂಗ್ಲಿಷಿಗೆ ಕಾಲಿಟ್ಟದ್ದು ಎಲ್ಲಿ ಎಂದುಕೊಂಡಿದ್ದೀರಿ? ಹೆಂಡದಂಗಡಿಯಲ್ಲಿ? ನಾಟಕದ ಕಂಪನಿಯಲ್ಲಿ? ಅಲ್ಲವೇ ಅಲ್ಲ. ಕೋರ್ಟಿನಲ್ಲಿ! 16ನೇ ಶತಮಾನದ ವಕೀಲರ ಒಣ ಕಾಗದಪತ್ರಗಳಲ್ಲಿ!

ಆಗ ಅದಕ್ಕೆ ಕೊಂಕಿನ ವಾಸನೆಯೇ ಇರಲಿಲ್ಲ. ಅದರ ಅರ್ಥ ‘ಅಂದರೆ’ ಎಂದಷ್ಟೇ. ಯಾರೋ ನಿಮ್ಮನ್ನು ಕಳ್ಳ ಎಂದು ಬೈದರು ಎಂದುಕೊಳ್ಳಿ. ನಿಮ್ಮ ವಕೀಲರು ದಾವೆಯಲ್ಲಿ ಹೀಗೆ ಬರೆಯಬೇಕಿತ್ತು: ‘ಅವನು (ಇನ್ಯುಯೆಂಡೋ, ಫಿರ್ಯಾದಿ) ಕಳ್ಳ’. ಅವನು ಎಂದದ್ದು ಯಾರನ್ನು ಎಂದು ಬ್ರಾಕೆಟ್ಟಿನಲ್ಲಿ ಬಿಡಿಸಿ ಹೇಳುವ ಪದ ಅದು. ಮುಚ್ಚಿಡುವುದಕ್ಕಲ್ಲ, ಬಿಚ್ಚಿಡುವುದಕ್ಕೆ ಹುಟ್ಟಿದ ಪದ! ಈಗ ಪೂರ್ತಿ ತಿರುವು ಮುರುವಾಗಿದೆ ನೋಡಿ.

ಈ ಬ್ರಾಕೆಟ್ಟಿಗಾಗಿ ನಡೆದ ಜಗಳಗಳು ಒಂದೆರಡಲ್ಲ. 1602ರ ಒಂದು ಮೊಕದ್ದಮೆ ಕೇಳಿ. ಬಾರ್ಹಮ್ ಎಂಬಾತ ನನ್ನ ಕಣಜಕ್ಕೆ ಬೆಂಕಿ ಇಟ್ಟ ಎಂದು ಒಬ್ಬ ಹೇಳಿಬಿಟ್ಟ. ಬಾರ್ಹಮ್ ಮಾನನಷ್ಟಕ್ಕೆ ದಾವೆ ಹೂಡಿದ. ಆದರೆ ಆಗಿನ ಕಾನೂನಿನಲ್ಲಿ ಖಾಲಿ ಕಣಜ ಸುಟ್ಟರೆ ಅದು ಘೋರ ಅಪರಾಧವಲ್ಲ, ಧಾನ್ಯ ತುಂಬಿದ್ದರೆ ಮಾತ್ರ ಘೋರ. ಅದಕ್ಕೆ ವಕೀಲರು ಬ್ರಾಕೆಟ್ ಹಾಕಿ ‘ಅಂದರೆ ಧಾನ್ಯ ತುಂಬಿದ ಕಣಜ’ ಎಂದು ಸೇರಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಹೇಳಿದವನು ಹೇಳದ ಧಾನ್ಯವನ್ನು ಬ್ರಾಕೆಟ್ಟಿನಿಂದ ತುಂಬಲಾಗದು ಎಂದರು. ಬಾರ್ಹಮ್ ಸೋತ!

ಇದಕ್ಕಿಂತ ವಿಚಿತ್ರ ಇನ್ನೊಂದಿದೆ, ಉಸಿರು ಬಿಗಿಹಿಡಿದು ಕೇಳಿ. 17ನೇ ಶತಮಾನದ ಆರಂಭ. ಸರ್ ಥಾಮಸ್ ಹೋಲ್ಟ್ ಎಂಬ ಶ್ರೀಮಂತ ತನ್ನ ಅಡುಗೆಯವನ ತಲೆಗೆ ಮಚ್ಚಿನಿಂದ ಹೊಡೆದ, ತಲೆ ಇಬ್ಭಾಗವಾಗಿ ಅರ್ಧ ಒಂದು ಭುಜದ ಮೇಲೆ, ಇನ್ನರ್ಧ ಇನ್ನೊಂದು ಭುಜದ ಮೇಲೆ ಬಿತ್ತು ಎಂದು ಒಬ್ಬಾತ ಊರೆಲ್ಲ ಹೇಳಿದ. ಹೋಲ್ಟ್ ಕೋರ್ಟಿಗೆ ಹೋದ. ನನ್ನನ್ನು ಕೊಲೆಗಾರ ಎಂದಿದ್ದಾನೆ ಎಂದ. ಕೋರ್ಟು ಏನು ಹೇಳಿತು ಗೊತ್ತೇ? ಅಡುಗೆಯವನು ಸತ್ತ ಎಂದು ಆತ ಎಲ್ಲೂ ಹೇಳಿಲ್ಲವಲ್ಲ, ಬದುಕಿರಲೂಬಹುದು ಎಂದಿತು! ತಲೆ ಎರಡು ಹೋಳಾದ ಮೇಲೂ!

ನ್ಯಾಯಾಧೀಶರಿಗೆ ಬುದ್ಧಿ ಇರಲಿಲ್ಲ ಎಂದಲ್ಲ. ಬೈಗುಳದ ದಾವೆಗಳು ಕೋರ್ಟಿನಲ್ಲಿ ತುಂಬಿ ತುಳುಕುತ್ತಿದ್ದವು. ಅದಕ್ಕೆ ಅವರು ಒಂದು ಉಪಾಯ ಹುಡುಕಿದ್ದರು. ಒಂದು ಮಾತಿಗೆ ಎರಡು ಅರ್ಥ ಇದ್ದರೆ ಸೌಮ್ಯವಾದ ಅರ್ಥವನ್ನೇ ಹಿಡಿಯಬೇಕು! ಇಂಗ್ಲಿಷಿನಲ್ಲಿ ಆಗ ‘ಪಾಕ್ಸ್’ ಎಂದರೆ ಸಿಡುಬೂ ಹೌದು, ಗುಹ್ಯರೋಗವೂ ಹೌದು. ಅವನಿಗೆ ಪಾಕ್ಸ್ ಬಂದಿದೆ ಎಂದು ಯಾರಾದರೂ ಹಂಗಿಸಿದರೆ? ಪಾಪ, ಸಿಡುಬು ಇರಬೇಕು ಎಂದು ಕೋರ್ಟು ಅರ್ಥ ಮಾಡಿಕೊಳ್ಳುತ್ತಿತ್ತು!

ಬ್ರಾಕೆಟ್ಟಿನೊಳಗೆ ಸದಾ ಕುಳಿತಿರುತ್ತಿದ್ದುದು ಯಾರದೋ ಕೆಟ್ಟ ಆರೋಪ ತಾನೇ? ನಿಧಾನವಾಗಿ ‘ಅಂದರೆ’ ಎಂಬ ಪದಕ್ಕೇ ಆ ಕೆಸರು ಅಂಟಿಕೊಂಡಿತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಇನ್ಯುಯೆಂಡೋ ಅಂದರೆ ಆರೋಪದ ಸುಳಿವು ಎಂದೇ ಜನ ಬಳಸತೊಡಗಿದ್ದರು. ವಿವರಣೆಯ ಪದ ಹೋಗಿ ಕೊಂಕಿನ ಪದವಾಯಿತು!

1733ರಲ್ಲಿ ಇಂಗ್ಲೆಂಡಿನ ಕೋರ್ಟುಗಳಿಂದ ಲ್ಯಾಟಿನ್ನನ್ನೇ ಹೊರಗೆ ಹಾಕಿದರು. ಜನಕ್ಕೆ ಅರ್ಥವಾಗುವ ಇಂಗ್ಲಿಷಿನಲ್ಲೇ ದಾಖಲೆ ಇರಲಿ ಎಂದು ಕಾನೂನು ಬಂತು. ಇನ್ಯುಯೆಂಡೋ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಇವತ್ತಿಗೂ ಮಾನನಷ್ಟದ ಕಾನೂನಿನಲ್ಲಿ ಅದು ಗಟ್ಟಿಯಾಗಿ ಕೂತಿದೆ.

ಕಾನೂನು ಬಿಗಿಯಾದಂತೆ ಬರೆಯುವವರೂ ಚುರುಕಾದರು. 1738ರಲ್ಲಿ ಬ್ರಿಟನ್ನಿನ ಸಂಸತ್ತು, ನಮ್ಮ ಚರ್ಚೆಗಳನ್ನು ಯಾರೂ ಅಚ್ಚು ಹಾಕಕೂಡದು ಎಂದಿತು. ಒಂದು ಮಾಸಪತ್ರಿಕೆ ಏನು ಮಾಡಿತು ಗೊತ್ತೇ? ಕಥೆಯಲ್ಲಿ ಗಲಿವರ್ ಹೋಗಿದ್ದ ಲಿಲಿಪುಟ್ ದೇಶದ ಸಂಸತ್ತಿನ ವರದಿ ಎಂದು ಅಚ್ಚು ಹಾಕಿತು! ಪ್ರಧಾನಿ ವಾಲ್ಪೋಲ್ ಅಲ್ಲಿ ‘ವಾಲೆಲಾಪ್’ ಆದರು. ಪಿಟ್ ಎಂಬ ನಾಯಕ ‘ಪ್‌ಟಿಟ್’ ಆದರು. ಓದುವವರಿಗೆಲ್ಲ ಗೊತ್ತಿತ್ತು, ಹಿಡಿಯುವುದಕ್ಕೆ ಮಾತ್ರ ಯಾರಿಗೂ ಆಗಲಿಲ್ಲ.

ಆ ಲಿಲಿಪುಟ್ ವರದಿಗಳನ್ನು ಕೆಲವು ವರ್ಷ ಬರೆದುಕೊಟ್ಟ ಬಡ ತರುಣ ಯಾರು ಊಹಿಸಿ. ಮುಂದೆ 1755ರಲ್ಲಿ ಇಂಗ್ಲಿಷಿಗೆ ಮಹಾ ನಿಘಂಟು ಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್!

ಸುಳಿವು ಕೊಡಲು ಪದವೇ ಬೇಡ, ಒಂದು ಹಣ್ಣು ಸಾಕು! ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ಗೆ ಕೆಳಗೆ ದಪ್ಪನೆಯ ಕೆನ್ನೆ, ಮೇಲೆ ಸಣ್ಣ ತಲೆ. ವ್ಯಂಗ್ಯಚಿತ್ರಗಳ ಪತ್ರಿಕೆ ನಡೆಸುತ್ತಿದ್ದ ಷಾರ್ಲ್ ಫಿಲಿಪೋನ್ ಮೇಲೆ 1831ರಲ್ಲಿ ರಾಜನ ಅವಮಾನದ ಮೊಕದ್ದಮೆ ಬಿತ್ತು. ಆತ ಕೋರ್ಟಿನಲ್ಲೇ ನಾಲ್ಕು ಚಿತ್ರ ತೋರಿಸಿದ. ಮೊದಲನೆಯದು ರಾಜನ ಮುಖ, ಎರಡನೆಯದು ಸ್ವಲ್ಪ ಬದಲು, ಮೂರನೆಯದು ಇನ್ನಷ್ಟು ಬದಲು, ನಾಲ್ಕನೆಯದು ಪಕ್ಕಾ ಪೇರು (ಪಿಯರ್) ಹಣ್ಣು! ದೊರೆ ಪೇರು ಹಣ್ಣಿನ ಹಾಗಿದ್ದರೆ ಅದು ನನ್ನ ತಪ್ಪೇ ಎಂದು ಕೇಳಿದ.

ಆರು ತಿಂಗಳ ಜೈಲು ಅವನಿಗೆ ತಪ್ಪಲಿಲ್ಲ. ಆದರೆ ಪ್ಯಾರಿಸ್ಸಿನ ಗೋಡೆಗೋಡೆಯ ಮೇಲೂ ಪೇರು ಹಣ್ಣು ಕಾಣಿಸಿಕೊಂಡಿತು. ಬೀದಿಯ ಹುಡುಗರು ಇದ್ದಿಲು ಹಿಡಿದು ಬರೆದರು. ಗೋಡೆಯ ಮೇಲೆ ಹಣ್ಣು ಬರೆದ ಮಗುವನ್ನು ಯಾವ ಕಾನೂನಿನಲ್ಲಿ ಹಿಡಿಯುವುದು ಹೇಳಿ!

ಹಣ್ಣೂ ಬೇಡ ಅನ್ನುವವರಿಗೆ ಒಂದು ಹಳೆಯ ರೋಮನ್ ಕಥೆ. ರಾಜ ಟಾರ್ಕ್ವಿನ್‌ನ ಮಗ ಶತ್ರುಗಳ ಊರಿಗೆ ನುಸುಳಿ ಅಲ್ಲಿ ನಂಬಿಕೆ ಗಳಿಸಿದ್ದ. ಮುಂದೇನು ಮಾಡಲಿ ಎಂದು ದೂತನನ್ನು ಕಳಿಸಿದ. ತಂದೆ ಒಂದು ಮಾತೂ ಆಡಲಿಲ್ಲ. ತೋಟದಲ್ಲಿ ಅಡ್ಡಾಡುತ್ತಾ, ಎತ್ತರಕ್ಕೆ ಬೆಳೆದಿದ್ದ ಗಸಗಸೆ ಹೂಗಳ ತಲೆಯನ್ನು ಕೋಲಿನಿಂದ ಪಟಪಟ ಹೊಡೆದು ಉದುರಿಸಿದ. ದೂತನಿಗೆ ಏನೂ ತಿಳಿಯಲಿಲ್ಲ. ಮಗನಿಗೆ ತಿಳಿಯಿತು! ಊರಿನ ತಲೆಯಾಳುಗಳನ್ನು ಒಬ್ಬೊಬ್ಬರಾಗಿ ಮುಗಿಸಿದ.

ಆಸ್ಟ್ರೇಲಿಯಾದಲ್ಲಿ ಇವತ್ತಿಗೂ, ಎತ್ತರಕ್ಕೆ ಏರಿದವರನ್ನು ಕೆಳಗೆಳೆಯುವ ಜನರ ಚಾಳಿಗೆ ‘ಟಾಲ್ ಪಾಪಿ ಸಿಂಡ್ರೋಮ್’ ಎನ್ನುತ್ತಾರೆ. ಆ ಪಾಪಿಯ, ಅಂದರೆ ಗಸಗಸೆಯ, ಬೇರು ಇರುವುದು ಟಾರ್ಕ್ವಿನ್‌ನ ಇದೇ ತೋಟದಲ್ಲಿ!

ಹಾಗೆಂದು ಸೂಚ್ಯವಾಗಿ ಹೇಳುವುದೆಲ್ಲ ಕೆಟ್ಟದ್ದಲ್ಲ. ನಮ್ಮವರು ಅದಕ್ಕೆ ಧ್ವನಿ ಎಂದು ಹೆಸರಿಟ್ಟು, ಕಾವ್ಯದ ಆತ್ಮ ಎಂದೇ ಕರೆದರು! 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಅವನು ಕೊಡುವ ಒಂದು ಪ್ರಾಕೃತ ಪದ್ಯದ ಸನ್ನಿವೇಶ ಕೇಳಿ. ಗೋದಾವರಿ ದಡದ ಪೊದೆಯಲ್ಲಿ ಒಬ್ಬಳು ನಲ್ಲನನ್ನು ಕದ್ದು ಭೇಟಿಯಾಗುತ್ತಾಳೆ. ಒಬ್ಬ ಸಾಧು ದಿನಾ ಅಲ್ಲಿ ಬಂದು ಅಡ್ಡಿಯಾಗುತ್ತಾನೆ. ಅವನಿಗೋ ನಾಯಿ ಕಂಡರೆ ಭಯ. ಅವಳು ನಯವಾಗಿ ಹೇಳುತ್ತಾಳೆ: ಇನ್ನು ಧೈರ್ಯವಾಗಿ ಓಡಾಡಿ ಸ್ವಾಮಿ, ಆ ನಾಯಿಯನ್ನು ಪೊದೆಯಲ್ಲಿರುವ ಸಿಂಹ ತಿಂದುಹಾಕಿತು! ಬಾಯಲ್ಲಿ ‘ಬನ್ನಿ’, ಅರ್ಥದಲ್ಲಿ ‘ಈ ಕಡೆ ತಲೆ ಹಾಕಬೇಡಿ’!

ಅದೇ 9ನೇ ಶತಮಾನದ ಕನ್ನಡದ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರ ಎಂದು ಹೆಸರಿಸಿದೆ. ನಮಗೆ ಸಿಕ್ಕಿರುವ ಕನ್ನಡದ ಮೊಟ್ಟಮೊದಲ ಗ್ರಂಥದಲ್ಲೇ ಈ ವಿಷಯ ಬಂದಿದೆ ಎಂದರೆ ಹೆಮ್ಮೆ ಆಗುವುದಿಲ್ಲವೇ!

ಮತ್ತೆ ಕೋರ್ಟಿಗೆ ಹೋಗೋಣ, ಅಲ್ಲಿ ಇನ್ನೂ ಬಹಳ ಮಜಾ ಇದೆ. 1890ರ ದಶಕದಲ್ಲಿ ಒಂದು ಮೇಣದ ಬೊಂಬೆ ಇನ್ಯುಯೆಂಡೋ ಆಯಿತು! ಆಲ್ಫ್ರೆಡ್ ಮಾನ್ಸನ್ ಎಂಬಾತನ ಮೇಲೆ ಸ್ಕಾಟ್ಲೆಂಡಿನಲ್ಲಿ ಕೊಲೆ ಆರೋಪ ಬಂದು, ರುಜುವಾತಾಗಲಿಲ್ಲ ಎಂದು ತೀರ್ಪಾಗಿತ್ತು. ಲಂಡನ್ನಿನ ಮೇಡಂ ಟುಸ್ಸಾಡ್ಸ್ ಅವನ ಬೊಂಬೆ ಮಾಡಿ, ಕೊಲೆಗಡುಕರ ಬೊಂಬೆಗಳಿರುವ ಭಯಾನಕ ಕೋಣೆಯ ಹತ್ತಿರವೇ ನಿಲ್ಲಿಸಿತು. ಬೊಂಬೆ ಬಾಯಿ ಬಿಡಲಿಲ್ಲ. ನಿಂತ ಜಾಗವೇ ಮಾತಾಡಿತು!

ಮಾನ್ಸನ್ ದಾವೆ ಹೂಡಿ ಗೆದ್ದ. ಪರಿಹಾರ ಎಷ್ಟು ಸಿಕ್ಕಿತು ಗೊತ್ತೇ? ಒಂದು ಫಾರ್ದಿಂಗ್. ಅಂದರೆ ಒಂದು ಪೆನ್ನಿಯ ಕಾಲು ಭಾಗ!

ಜೇಬಿನಿಂದ ಇಣುಕಿದ ಚಾಕೊಲೇಟೂ ಒಮ್ಮೆ ಇನ್ಯುಯೆಂಡೋ ಆಗಿತ್ತು. ಸಿರಿಲ್ ಟಾಲಿ ಬ್ರಿಟನ್ನಿನ ಹೆಸರಾಂತ ಹವ್ಯಾಸಿ ಗಾಲ್ಫ್ ಆಟಗಾರ. 1928ರಲ್ಲಿ ಫ್ರೈ ಕಂಪನಿ ಅವರನ್ನು ಕೇಳದೆಯೇ ಜಾಹೀರಾತಿನಲ್ಲಿ ಅವರ ವ್ಯಂಗ್ಯಚಿತ್ರ ಹಾಕಿತು. ಜೇಬಿನಿಂದ ಫ್ರೈ ಚಾಕೊಲೇಟ್ ಇಣುಕುತ್ತಿತ್ತು. ಇದರಲ್ಲೇನು ತಪ್ಪು ಅನ್ನುತ್ತೀರಾ? ಹವ್ಯಾಸಿ ಆಟಗಾರ ಹೆಸರು ಮಾರಿಕೊಂಡು ದುಡ್ಡು ಮಾಡುವಂತಿಲ್ಲ! ಟಾಲಿ ದುಡ್ಡು ತಿಂದಿದ್ದಾರೆ ಎಂದು ಗಾಲ್ಫ್ ಬಲ್ಲವರಿಗೆ ಆ ಚಿತ್ರ ಸುಳಿವು ಕೊಡುತ್ತಿತ್ತು. 1931ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠ ಹೌದು, ಇದು ಮಾನಹಾನಿ ಎಂದಿತು.

ಇಲ್ಲಿದೆ ನೋಡಿ ಕಾನೂನಿನ ಸೂಕ್ಷ್ಮ. ಎಲ್ಲರಿಗೂ ಮುಗ್ಧವಾಗಿ ಕಾಣುವ ಮಾತು, ಒಳಗಿನ ಸಂಗತಿ ತಿಳಿದವರಿಗೆ ಮಾತ್ರ ಚುಚ್ಚಿದರೆ, ಅದೇ ನಿಜವಾದ ಇನ್ಯುಯೆಂಡೋ. ಇಂಥವನು ಇಂಥ ಮನೆಯಿಂದ ಹೊರಗೆ ಬಂದ ಎಂದರೆ ಏನೂ ಇಲ್ಲ. ಆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದವರಿಗೆ? ಎಲ್ಲವೂ ಇದೆ!

ಹೆಸರೇ ಇಲ್ಲದೆ ಮಾನ ಹೋಗಬಹುದೇ? ಹೋಗಬಹುದು! ಲಂಡನ್ನಿನ ಡೈಲಿ ಮಿರರ್ ಪತ್ರಿಕೆ ಒಬ್ಬ ಪುರುಷ ಮತ್ತು ಒಬ್ಬ ಯುವತಿಯ ಫೋಟೋ ಹಾಕಿ, ಇವರಿಬ್ಬರ ನಿಶ್ಚಿತಾರ್ಥ ಎಂದು ಬರೆಯಿತು. ಆತನಿಗೆ ಆಗಲೇ ಹೆಂಡತಿ ಇದ್ದಳು, ಆಕೆ ಶ್ರೀಮತಿ ಕ್ಯಾಸಿಡಿ. ಆಕೆಯ ಹೆಸರು ಪತ್ರಿಕೆಯಲ್ಲಿ ಎಲ್ಲೂ ಬಂದಿರಲಿಲ್ಲ. ಆದರೆ ಅಕ್ಕಪಕ್ಕದವರು ಏನೆಂದುಕೊಂಡಾರು? ಹಾಗಾದರೆ ಈಕೆ ಮದುವೆಯಾಗದೆಯೇ ಅವನ ಜೊತೆ ಇದ್ದಳೇ ಎಂದು! 1929ರಲ್ಲಿ ಕೋರ್ಟು ಆಕೆಯ ಪರವಾಗಿ ನಿಂತಿತು. ಪರಿಹಾರ 500 ಪೌಂಡ್!

ಎರಡೇ ಎರಡು ಪದಕ್ಕೆ ಮೊಕದ್ದಮೆ ಸೋತವರೂ ಇದ್ದಾರೆ. ಇದು ನಮ್ಮ ಕಾಲದ ಕಥೆ. 2012ರಲ್ಲಿ ಬ್ರಿಟನ್ನಿನ ಹಿರಿಯ ರಾಜಕಾರಣಿ ಲಾರ್ಡ್ ಮೆಕಾಲ್ಪೈನ್ ಮೇಲೆ ಪೂರ್ತಿ ಸುಳ್ಳಾದ ಒಂದು ಘೋರ ಗಾಳಿಸುದ್ದಿ ಹಬ್ಬಿತ್ತು. ಅಲ್ಲಿನ ಸಂಸತ್ತಿನ ಸ್ಪೀಕರ್ ಪತ್ನಿ ಟ್ವಿಟರ್‌ನಲ್ಲಿ, ಮೆಕಾಲ್ಪೈನ್ ಹೆಸರು ಯಾಕೆ ಟ್ರೆಂಡ್ ಆಗುತ್ತಿದೆ ಎಂದು ಕೇಳಿ, ಪಕ್ಕದಲ್ಲಿ ‘ಮುಗ್ಧ ಮುಖ’ ಎಂಬರ್ಥದ ಎರಡು ಪದ ಹಾಕಿದರು. ಆರೋಪವನ್ನು ಅವರು ಬರೆಯಲೇ ಇಲ್ಲ! ಆದರೆ ಆ ಎರಡು ಪದಗಳಲ್ಲಿರುವುದು ವ್ಯಂಗ್ಯ, ಇದು ಮಾನಹಾನಿ ಎಂದು 2013ರಲ್ಲಿ ಹೈಕೋರ್ಟು ಹೇಳಿತು.

ನಮ್ಮ ಕಾನೂನಿನಲ್ಲಿ? ಇದೆ, ಸೊಗಸಾಗಿಯೇ ಇದೆ! 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು ಮಾನಹಾನಿಯದ್ದು. ಅದರಡಿ ಕೊಟ್ಟ ಮೊದಲ ಉದಾಹರಣೆಯೇ ಒಂದು ಕೊಂಕು. ಒಬ್ಬಾತ ಇನ್ನೊಬ್ಬನನ್ನು ಹೊಗಳುತ್ತಾನೆ: ಅವನು ಬಹಳ ಪ್ರಾಮಾಣಿಕ, ಇಂಥವರ ವಾಚನ್ನು ಅವನು ಕದ್ದೇ ಇಲ್ಲ! ಕದ್ದದ್ದು ಅವನೇ ಎಂದು ಜನ ನಂಬಲಿ ಎಂಬುದು ಹೊಗಳಿದವನ ಉದ್ದೇಶವಾಗಿದ್ದರೆ, ಆ ಹೊಗಳಿಕೆಯೇ ಅಪರಾಧ!

ಎರಡನೆಯ ಉದಾಹರಣೆ ಕೇಳಿ. ವಾಚು ಕದ್ದವರು ಯಾರು ಎಂದು ಕೇಳಿದಾಗ ಬಾಯಿ ಬಿಡದೆ ಒಬ್ಬನತ್ತ ಕೈ ತೋರಿಸುವುದು. ಮೂರನೆಯದು, ವಾಚು ಹಿಡಿದು ಅವನು ಓಡುತ್ತಿರುವ ಚಿತ್ರ ಬರೆಯುವುದು. ಹೊಗಳಿಕೆ, ಸನ್ನೆ, ಚಿತ್ರ, ಮೂರರಲ್ಲೂ ಬೈಗುಳ ಒಂದೂ ಇಲ್ಲ ನೋಡಿ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಗೊತ್ತಲ್ಲ? ಈ ಕಲಮು ಹೆಗಲು ಮುಟ್ಟಿಕೊಂಡವನನ್ನಲ್ಲ, ಕುಂಬಳಕಾಯಿ ಮಾತು ಎತ್ತಿದವನನ್ನು ಹಿಡಿಯುತ್ತದೆ!

ಮೆಕಾಲೆ ಮುಂದಾಳತ್ವದ ಆಯೋಗ ಈ ಸಂಹಿತೆಯ ಕರಡನ್ನು 1837ರಲ್ಲೇ ಸಿದ್ಧಪಡಿಸಿತ್ತು. 2024ರ ಜುಲೈ 1ರಂದು ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಮಾನಹಾನಿ 356ನೇ ಕಲಮಾಯಿತು. ಆ ವಾಚು ಮಾತ್ರ ಹಾಗೆಯೇ ಇದೆ. ಅದನ್ನು ಇನ್ನೂ ಯಾರೂ ಕದ್ದಿಲ್ಲ ಎಂದೇ ಹೇಳುತ್ತಿದ್ದಾರೆ!

ಇನ್ನು ಪೋಲಿ ಸುಳಿವುಗಳ ಕಡೆ ಒಂದು ಸುತ್ತು. 1940ರ ದಶಕದ ಕೊನೆಯಲ್ಲಿ ಬಿಬಿಸಿ ತನ್ನ ಹಾಸ್ಯ ಬರಹಗಾರರಿಗೆ ಒಂದು ಕೈಪಿಡಿ ಕೊಟ್ಟಿತು. ಯಾವ ಜೋಕು ಕೂಡದು ಎಂಬ ಪಟ್ಟಿ ಅದರಲ್ಲಿತ್ತು. ಹನಿಮೂನ್ ದಂಪತಿ ಕೂಡದು, ಮೊಲಗಳ ಸಂಸಾರ ಕೂಡದು, ಊರೂರು ತಿರುಗುವ ಸೇಲ್ಸ್‌ಮನ್ ಕೂಡದು. ಮೊಲ ಏನು ಪಾಪ ಮಾಡಿತ್ತು!

ಅದೇ ಪಟ್ಟಿಯಲ್ಲಿ ಬಿಬಿಸಿಯನ್ನು ಬೆಚ್ಚಿಬೀಳಿಸಿದ ಒಂದು ಸಾದಾ ವಾಕ್ಯವಿತ್ತು: ‘ವಿಂಟರ್ ಡ್ರಾಸ್ ಆನ್’. ಚಳಿಗಾಲ ಹತ್ತಿರ ಬರುತ್ತಿದೆ ಎಂದರ್ಥ. ಆದರೆ ಕಿವಿಗೆ ಅದು ಚಳಿಗಾಲದ ‘ಡ್ರಾಯರ್ಸ್’ ಎಂದೂ ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಪಟ್ಟೆಪಟ್ಟೆ ಡ್ರಾಯರ್ ಎನ್ನುತ್ತಾರಲ್ಲ, ಅದೇ ಒಳಉಡುಪು! ಹವಾಮಾನದ ಮಾತಿಗೂ ನಿಷೇಧ!

ಬರೆದದ್ದರಲ್ಲಿ ಏನೂ ಇಲ್ಲದಿದ್ದರೂ ದನಿಯಲ್ಲಿ ಎಲ್ಲ ಇರಬಹುದು. 1937ರ ಡಿಸೆಂಬರಿನಲ್ಲಿ ನಟಿ ಮೇ ವೆಸ್ಟ್ ಅಮೆರಿಕದ ರೇಡಿಯೋದಲ್ಲಿ ಆಡಮ್ ಮತ್ತು ಈವ್ ಪ್ರಹಸನ ಮಾಡಿದರು. ಮಾತುಗಳನ್ನು ಮೊದಲೇ ಓದಿ ಒಪ್ಪಿಗೆ ಕೊಟ್ಟಾಗಿತ್ತು. ಆದರೆ ಆಕೆ ಅದನ್ನು ಹೇಳಿದ ಧಾಟಿಗೆ ದೇಶದಲ್ಲಿ ಗುಲ್ಲೆದ್ದಿತು. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ರೇಡಿಯೋದ ಬಾಗಿಲು ಆಕೆಗೆ ಹೆಚ್ಚುಕಡಿಮೆ ಮುಚ್ಚಿತ್ತು. ಕಾಗದದಲ್ಲಿ ಇಲ್ಲದ ತಪ್ಪಿಗೆ!

ಇಂಥ ಎರಡರ್ಥದ ಮಾತಿಗೆ ಇಂಗ್ಲಿಷರು ‘ಡಬಲ್ ಆಂತಾಂದ್ರ್’ ಎನ್ನುತ್ತಾರೆ. ಫ್ರೆಂಚ್ ಇರಬೇಕು ಅನ್ನಿಸುತ್ತದೆ ಅಲ್ಲವೇ? ಪ್ಯಾರಿಸ್ಸಿಗೆ ಹೋಗಿ ಹೇಳಿ ನೋಡಿ, ಅಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ! ಅವರು ಹೇಳುವುದು ‘ದೂಬ್ಲ್ ಸಾಂಸ್’.

ಇನ್ಯುಯೆಂಡೋ ಹಾಡಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿದೆ! 1991ರ ಜನವರಿಯಲ್ಲಿ ಕ್ವೀನ್ ತಂಡದ ಆರೂವರೆ ನಿಮಿಷದ ಹಾಡಿನ ಹೆಸರೇ ಅದು. ಅದೇ ಹೆಸರಿನ ಆಲ್ಬಂ, ಗಾಯಕ ಫ್ರೆಡ್ಡಿ ಮರ್ಕ್ಯುರಿ ಬದುಕಿದ್ದಾಗ ಬಂದ ತಂಡದ ಕೊನೆಯ ಆಲ್ಬಂ. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ!

ಸುಳಿವಿಗೆ ಇಂಗ್ಲಿಷಿನಲ್ಲಿರುವ ಬೇರೆ ಪದಗಳನ್ನೂ ಕೆದಕಿ ನೋಡಿ, ಒಂದೊಂದರಲ್ಲೂ ಒಂದೊಂದು ಅಚ್ಚರಿ. ಪತ್ತೇದಾರಿ ಕಾದಂಬರಿಯ ‘ಕ್ಲೂ’ ಅಂದರೆ ಮೂಲದಲ್ಲಿ ನೂಲಿನ ಉಂಡೆ! ಗ್ರೀಕ್ ಕಥೆಯಲ್ಲಿ ಥೀಸಿಯಸ್ ಚಕ್ರವ್ಯೂಹದಂಥ ಗುಹೆಗೆ ನುಗ್ಗಿ ರಾಕ್ಷಸನನ್ನು ಕೊಂದು, ಅರಿಯಾಡ್ನೆ ಕೊಟ್ಟ ನೂಲು ಹಿಡಿದೇ ಹೊರಗೆ ಬಂದ. ದಾರಿ ತೋರಿಸಿದ ನೂಲು ನಿಧಾನವಾಗಿ ಸುಳಿವಾಯಿತು.

‘ಹಿಂಟ್’ ಬಂದದ್ದು ಗಬಕ್ಕನೆ ಹಿಡಿ ಎಂಬ ಅರ್ಥದ ಹಳೆಯ ಪದದಿಂದ ಎನ್ನುತ್ತಾರೆ ಬಲ್ಲವರು. ಬೇಟೆಯ ‘ಹಂಟ್’ ಅದರ ಬಂಧು! ‘ಅಲ್ಯೂಡ್’ ಅಂದರೆ ಸೂಚ್ಯವಾಗಿ ಪ್ರಸ್ತಾಪಿಸುವುದು. ಅದರ ಲ್ಯಾಟಿನ್ ಮೂಲದ ಅರ್ಥ ಆಟವಾಡುವುದು. ನಿಮ್ಮ ಮೊಬೈಲಿನ ‘ಲೂಡೋ’ ಕೂಡ ಅದೇ ಬೇರಿನದು. ಲೂಡೋ ಅಂದರೆ ‘ನಾನು ಆಡುತ್ತೇನೆ’!

‘ಇಂಪ್ಲೈ’ ಎಂದರೆ ಮಾತಿನೊಳಗೆ ಅರ್ಥವನ್ನು ಮಡಿಸಿಡುವುದು. ಲ್ಯಾಟಿನ್ನಿನಲ್ಲಿ ಅದು ನಿಜಕ್ಕೂ ಮಡಿಕೆಯೇ. ಕೆಲಸಕ್ಕೆ ಇಟ್ಟುಕೊಳ್ಳುವ ‘ಎಂಪ್ಲಾಯ್’ ಅದರ ಒಡಹುಟ್ಟು, ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು! ಸೀರೆಯ ನೆರಿಗೆಗೆ ಪ್ಲೀಟ್ಸ್ ಅನ್ನುತ್ತಾರಲ್ಲ, ಅದೂ ಅದೇ ಮನೆಯದು.

ಕೊನೆಗೆ ‘ಇನ್‌ಸಿನ್ಯುಯೇಟ್’. ಮೆಲ್ಲಗೆ ಒಳಗೆ ನುಸುಳಿಸಿ ಹೇಳುವ ಕೊಂಕು. ಹಳೆಯ ರೋಮನ್ ಭಾಷಣಕಲೆಯಲ್ಲಿ ಇದೊಂದು ಪಾಠವೇ ಆಗಿತ್ತು! ಸಭೆ ನಿಮ್ಮ ಪರವಾಗಿದ್ದರೆ ನೇರವಾಗಿ ಶುರು ಮಾಡಿ. ಸಭೆ ಸಿಟ್ಟಾಗಿದ್ದರೆ ‘ಇನ್‌ಸಿನ್ಯುಆಟಿಯೋ’ ಬಳಸಿ, ಅಂದರೆ ಬಳಸು ದಾರಿಯಲ್ಲಿ ಮೆಲ್ಲಗೆ ಅವರ ಮನಸ್ಸಿನೊಳಗೆ ಹೋಗಿ ಎಂದು ಸಿಸೆರೋ ಬರೆದಿದ್ದಾನೆ.

ಅದರ ಬೇರು ‘ಸೈನಸ್’. ಬಾಗು, ತಿರುವು, ಬಟ್ಟೆಯ ಮಡಿಕೆ ಎಂದರ್ಥ. ಹೌದು, ಮೂಗಿನ ಪಕ್ಕದಲ್ಲಿ ನೋಯುವ ಸೈನಸ್ ಅದೇ! ರೋಮನ್ನರು ಎದೆಯ ಮೇಲಿನ ಉಡುಪಿನ ಮಡಿಕೆಗೂ ಸೈನಸ್ ಎನ್ನುತ್ತಿದ್ದರು. ಹಣದ ಚೀಲವನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು.

ಈಗ ಗಣಿತಕ್ಕೆ ಜಿಗಿಯಿರಿ. ಶಾಲೆಯಲ್ಲಿ ಸೈನ್, ಕಾಸ್, ಟ್ಯಾನ್ ಓದಿದ್ದೀರಲ್ಲ? ಆ ಸೈನ್ ಕೂಡ ಇದೇ ಸೈನಸ್! ಆದರೆ ತ್ರಿಕೋನಕ್ಕೂ ಬಟ್ಟೆಯ ಮಡಿಕೆಗೂ ಏನು ಸಂಬಂಧ? ಏನೂ ಇಲ್ಲ. ಇಲ್ಲೇ ಇರುವುದು ಸ್ವಾರಸ್ಯ. ನಮ್ಮ ಆರ್ಯಭಟ 499ರಲ್ಲಿ ಅದನ್ನು ‘ಜ್ಯಾ’, ಬಿಲ್ಲಿನ ಹೆದೆ, ಎಂದು ಕರೆದಿದ್ದ. ‘ಜೀವಾ’ ಎಂಬುದೂ ಅದೇ. ಅರಬರು ಅದನ್ನು ಹಾಗೆಯೇ ಎತ್ತಿಕೊಂಡು ‘ಜೀಬ’ ಎಂದರು.

ಅರಬರ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುಂದಿನವರು ಅದನ್ನು ‘ಜೈಬ್’ ಎಂದು ಓದಿಕೊಂಡರು. ಜೈಬ್ ಅಂದರೆ ಉಡುಪಿನ ಎದೆಯ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಅದನ್ನೇ ನಂಬಿ ಸೈನಸ್ ಎಂದು ಅನುವಾದಿಸಿಬಿಟ್ಟರು. ಬಿಲ್ಲಿನ ಹೆದೆ ಬಟ್ಟೆಯ ಮಡಿಕೆಯಾಯಿತು!

ಆ ಅರಬಿ ಜೈಬ್ ಮುಂದೆ ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೂ ಬಂತು. ಯಾವ ಪದವಾಗಿ ಗೊತ್ತೇ? ನಿಮ್ಮ ಅಂಗಿಗೆ ಹೊಲಿದಿರುವ ಜೇಬು!